ಬಿಲ್ಲಿನ ಕೊನೆಯ ಸಾಲಿನಲ್ಲಿದ್ದ ಬಡ್ಡಿ

ತೆರಿಗೆ ಲೆಕ್ಕ ಬರೆಯುವವರಿಗೆ ನಗುವ ಪ್ರಸಂಗಗಳು ಮಾರ್ಚ್ ತಿಂಗಳಲ್ಲೇ ಹೆಚ್ಚು ಅಂತ ಜನ ತಿಳಿದಿದ್ದಾರೆ. ತಪ್ಪು. ಅವು ವರ್ಷವಿಡೀ ನಡೆಯುತ್ತಲೇ ಇರುತ್ತವೆ. ಮಾರ್ಚಿನಲ್ಲಿ ನಗುವುದಕ್ಕೆ ನಮಗೆ ಪುರುಸೊತ್ತು ಇರುವುದಿಲ್ಲ, ಅಷ್ಟೇ.

ನಾನು ಮಧುಗಿರಿಯಲ್ಲಿ ಕೂತು ಸುತ್ತಿನ ತಾಲ್ಲೂಕುಗಳ ಅಂಗಡಿಗಳಿಗೆ ಜಿಎಸ್‌ಟಿ ರಿಟರ್ನ್ ಹಾಕಿಕೊಡುವವನು. ಅರ್ಥಶಾಸ್ತ್ರದಲ್ಲಿ ಎಂ.ಎ. ಆಗಿದೆ. ಅದರಿಂದ ಈ ಕೆಲಸಕ್ಕೆ ಉಪಯೋಗವೂ ಆಗಿಲ್ಲ, ತೊಂದರೆಯೂ ಆಗಿಲ್ಲ.

ಈಗ ಹೇಳಹೊರಟಿರುವುದೆಲ್ಲ ಒಂದೇ ಒಂದು ನಿಯಮದ ಸುತ್ತ ನಡೆದದ್ದು. ಅಂಗಡಿಯವನು ಮಾಲನ್ನು ಸಾಲ ಕೊಡುತ್ತಾನೆ. ಗಿರಾಕಿ ದುಡ್ಡು ಕೊಡುವುದು ತಡ ಮಾಡುತ್ತಾನೆ. ಅದಕ್ಕೆ ಅಂಗಡಿಯವನು ಬಡ್ಡಿ ವಸೂಲು ಮಾಡಿದರೆ, ಕಾನೂನು ಅದನ್ನು ಬಡ್ಡಿ ಅಂತ ನೋಡುವುದಿಲ್ಲ, ಅದೂ ಮಾಲಿನ ಬೆಲೆಯೇ ಅನ್ನುತ್ತದೆ. ಮಾಲಿಗೆ ಎಷ್ಟು ತೆರಿಗೆಯೋ ಬಡ್ಡಿಗೂ ಅಷ್ಟೇ ತೆರಿಗೆ. ಬ್ಯಾಂಕಿನವರು ಸಾಲಕ್ಕೆ ತೆಗೆದುಕೊಳ್ಳುವ ಬಡ್ಡಿಗೆ ಈ ತೆರಿಗೆ ಇಲ್ಲ, ಪೈಪು ಮಾರುವವನ ಬಡ್ಡಿಗೆ ಇದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಇರುವ ಕರುಣೆ ಒಂದೇ. ಬಡ್ಡಿ ಕೈಗೆ ಬಂದ ಮೇಲೆ ತೆರಿಗೆ ಕಟ್ಟಿದರೆ ಸಾಕು, ಬರುವ ಮೊದಲು ಬೇಕಾಗಿಲ್ಲ.

ನಾನು ಎರಡನ್ನೂ ಎಲ್ಲರಿಗೂ ಹೇಳುತ್ತೇನೆ. ಎಲ್ಲರೂ ಮೊದಲರ್ಧ ಕೇಳಿ ಎದ್ದು ಹೋಗುತ್ತಾರೆ.

ಸಾಹೇಬರಿಗೆ ಬಂದ ನೋಟೀಸು

ಸಿರಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸಾಹೇಬರೊಬ್ಬರು ನನ್ನ ಹಳೆಯ ಕಕ್ಷಿಗಾರರು. ಪೈಪು, ಪಂಪ್‌ಸೆಟ್, ಮೊಳೆ, ಮುಳ್ಳುತಂತಿ ಎಲ್ಲ ಮಾರುತ್ತಾರೆ. ಬೆಲೆ ಹೇಳುವಾಗ ಮೆತ್ತಗೆ, ಬಾಕಿ ಕೇಳುವಾಗ ಇನ್ನೂ ಮೆತ್ತಗೆ. ಒಂದು ದಿನ ಬೆಳಿಗ್ಗೆ ನಾನು ಆಫೀಸಿನ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ತೆರಿಗೆ ಇಲಾಖೆಯ ನೋಟೀಸು.

ಓದಿದೆ. "ನಿಮ್ಮ ಬಿಲ್ಲುಗಳ ಪ್ರಕಾರ ತಡವಾದ ಪಾವತಿಗೆ ನೀವು ಬಡ್ಡಿ ವಿಧಿಸುತ್ತೀರಿ. ನಿಮಗೆ ಬರಬೇಕಾದ ಬಾಕಿಗಳು ತುಂಬ ಹಳೆಯವು. ಆ ಬಡ್ಡಿಯ ಮೇಲಿನ ತೆರಿಗೆ ಕಟ್ಟಿಲ್ಲ, ಯಾಕೆ?" ಇದು ಅದರ ಸಾರಾಂಶ.

"ಸಾರ್, ತೆರಿಗೆ ಕಟ್ಟೋಕೆ ನಂಗೆ ಬೇಜಾರಿಲ್ಲ," ಅಂದರು ಸಾಹೇಬರು. "ಆದ್ರೆ ಇದ್ರಲ್ಲಿ ನಾನು ಬಡ್ಡಿ ತಿಂದೆ ಅಂತ ಬರ್ದವ್ರೆ. ನಮ್ಮಲ್ಲಿ ಅದು ಹರಾಮ್. ನಮ್ಮ ಅಬ್ಬಾ ಕಾಲದಿಂದ ಒಂದು ಪೈಸೆ ಮುಟ್ಟಿಲ್ಲ. ಮಸೀದಿ ಚಂದಾ ಲೆಕ್ಕ ನೋಡ್ಕೊಳ್ಳೋನೇ ನಾನು. ಈ ಸುದ್ದಿ ಹೊರಗೆ ಬಿದ್ರೆ ಜುಮ್ಮಾ ನಮಾಜಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ನಾನು ಲೆಕ್ಕ ನೋಡಿದೆ. ಕೇಳಿದ ಮೊತ್ತ ದೊಡ್ಡದಲ್ಲ.

"ಕಟ್ಟಿ ಕೈ ತೊಳ್ಕೊಂಡುಬಿಡಿ ಸಾಹೇಬ್ರೆ. ವಾದ ಮಾಡೋ ಖರ್ಚಿಗಿಂತ ಕಡಿಮೆ."

"ಕಟ್ಟಿದ್ರೆ ತಿಂದೆ ಅಂತ ಒಪ್ಕೊಂಡಂಗೆ ಅಲ್ವಾ ಸಾರ್?"

ಇದಕ್ಕೆ ನನ್ನ ಹತ್ತಿರ ಎದುರು ಪ್ರಶ್ನೆ ಇತ್ತು. ಅವರದೇ ಬಿಲ್ಲೊಂದನ್ನು ತೆಗೆದು ಮುಂದಿಟ್ಟೆ. ಸಹಿಯ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಮೂವತ್ತು ದಿನ ಮೀರಿದರೆ ಶೇಕಡಾ ಇಪ್ಪತ್ತನಾಲ್ಕು ಬಡ್ಡಿ ವಿಧಿಸಲಾಗುವುದು.

"ಹಾಗಾದ್ರೆ ಇದನ್ನ ಯಾಕೆ ಹಾಕ್ಸಿದ್ರಿ?"

ಸಾಹೇಬರು ಕನ್ನಡಕ ಏರಿಸಿ ಓದಿದರು. ಇನ್ನೊಂದು ಸಲ ಓದಿದರು.

"ಯಾ ಅಲ್ಲಾ! ಇದು ಯಾವಾಗ ಬಂತು?"

"ನಿಮ್ಮ ಅಂಗಡಿ ಬಿಲ್ಲು ಸಾಹೇಬ್ರೆ. ವರ್ಷಗಳಿಂದ ಕೊಡ್ತಾ ಇದೀರಿ."

"ಪ್ರೆಸ್ಸಿನವನು ಹಾಕಿರ್ಬೇಕು. ಸಹಿ ಕೆಳಗೆ ಇರೋದನ್ನ ಯಾರು ಸಾರ್ ಓದ್ತಾರೆ?"

ಅದೂ ನಿಜ. ಆ ಸಾಲನ್ನು ಇಡೀ ಸಿರಾ ತಾಲ್ಲೂಕಿನಲ್ಲಿ ಮೊದಲ ಬಾರಿಗೆ ಓದಿದ ಮನುಷ್ಯರೆಂದರೆ ಆ ತೆರಿಗೆ ಅಧಿಕಾರಿಯೇ ಇರಬೇಕು.

ಖಾಲಿ ಜಾಗ

ಪ್ರೆಸ್ಸು ನಮ್ಮ ಮಧುಗಿರಿಯಲ್ಲೇ ಇದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಬುಕ್ಕು, ಮೂರನ್ನೂ ಒಂದೇ ಭಕ್ತಿಯಿಂದ ಮಾಡಿಕೊಡುತ್ತಾರೆ. ಹೋಗಿ ಮಾಲೀಕರನ್ನೇ ನೇರವಾಗಿ ಕೇಳಿದೆ.

"ಈ ಬಡ್ಡಿ ಸಾಲು ಹಾಕಿ ಅಂತ ಸಿರಾ ಸಾಹೇಬ್ರು ಹೇಳಿದ್ರಾ?"

"ಯಾರೂ ಹೇಳಿಲ್ಲ ಸಾರ್. ಕೆಳಗೆ ಜಾಗ ಖಾಲಿ ಇತ್ತು."

"ಖಾಲಿ ಬಿಟ್ರೆ ಏನಾಗುತ್ತೆ?"

"ಬೋಳು ಬೋಳಾಗಿ ಕಾಣ್ತದೆ."

ಶೇಕಡಾ ಇಪ್ಪತ್ತನಾಲ್ಕೇ ಯಾಕೆ ಅಂತ ಕೇಳಿದೆ. ಇದು ನನಗೆ ನಿಜವಾಗಿ ತಿಳಿಯಬೇಕಿತ್ತು. ಬಡ್ಡಿ ದರ ಹೇಗೆ ನಿಗದಿಯಾಗುತ್ತದೆ ಅಂತ ಎರಡು ವರ್ಷ ಓದಿದವನು ನಾನು. ಬೇಡಿಕೆ, ಪೂರೈಕೆ, ಅಪಾಯ, ಇನ್ನೂ ಏನೇನೋ.

"ಮೊದ್ಲು ಹದಿನೆಂಟು ಇತ್ತು ಸಾರ್. ಬಟ್ಟೆ ಅಂಗಡಿಯವ್ರೊಬ್ರು ಬಂದು, ಪಕ್ಕದ ಅಂಗಡಿಗೂ ಹದಿನೆಂಟೇ ಹಾಕಿದೀಯ, ನಂದು ಅದಕ್ಕಿಂತ ದೊಡ್ಡ ಅಂಗಡಿ ಕಣಯ್ಯ ಅಂದ್ರು. ಇಪ್ಪತ್ನಾಲ್ಕು ಮಾಡ್ದೆ. ಆಮೇಲೆ ಎಲ್ರಿಗೂ ಅದೇ ಇರ್ಲಿ ಅಂತ ಬಿಟ್ಬುಟ್ಟೆ."

ಗೋಡೆಗೆ ನೇತುಹಾಕಿದ್ದ ಮಾದರಿ ಬಿಲ್ಲುಗಳನ್ನು ನೋಡುತ್ತ ಹೋದೆ. ಕಬ್ಬಿಣದ ಬೀರು ಅಂಗಡಿ, ಬ್ಯಾಟರಿ ಅಂಗಡಿ, ಶಾಮಿಯಾನದವರು, ಎಲ್ಲರ ಬುಡದಲ್ಲೂ ಅದೇ ಸಾಲು. ಬಸ್ ಸ್ಟ್ಯಾಂಡ್ ಪಕ್ಕದ ದರ್ಶಿನಿಯ ಬಿಲ್ಲಿನಲ್ಲೂ ಇತ್ತು.

"ಏನ್ರೀ ಇದು? ಅಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡ ಮೇಲೇನೇ ಇಡ್ಲಿ. ಮೂವತ್ತು ದಿನ ತಡ ಎಲ್ಲಿಂದ ಬಂತು?"

"ಇದ್ರೆ ಏನ್ ನಷ್ಟ ಸಾರ್? ಒಂದು ಗೌರವ."

"ನೀವು ತಗೊಂಡಿದೀರಾ ಯಾರ ಹತ್ರನಾದ್ರೂ, ಬಡ್ಡಿ?"

"ಅಯ್ಯೋ, ಇಲ್ಲಪ್ಪ."

"ನಿಮ್ಮ ಬಿಲ್ಲಲ್ಲೂ ಈ ಸಾಲು ಇರಬೇಕಲ್ಲ, ಕೊಡಿ ನೋಡೋಣ."

ಅವರು ಮಿಷನ್ನಿನ ಸ್ವಿಚ್ ಆರಿಸಿದರು. ಆಮೇಲೆ ಬಹಳ ವಿಶ್ವಾಸದಿಂದ ಹೇಳಿದರು: "ಬಿಲ್ ಬುಕ್ ಮಾಡ್ಸೋಕೆ ನಂಗೆ ಪುರುಸೊತ್ತೇ ಆಗಿಲ್ಲ ಸಾರ್."

ಅವರೆಕಾಯಿಯ ಲೆಕ್ಕ

ಇಲ್ಲಿಂದ ನನಗೆ ಕುತೂಹಲ ಹತ್ತಿತು. ನಾಲ್ಕು ತಾಲ್ಲೂಕಿನ ಬಿಲ್ಲುಗಳ ಬುಡದಲ್ಲೆಲ್ಲ ಇರುವ ಈ ಬಡ್ಡಿಯನ್ನು ಇವತ್ತಿನವರೆಗೆ ಯಾರಾದರೂ ಒಬ್ಬರು ಕಣ್ಣಾರೆ ಕಂಡಿದ್ದಾರೆಯೇ? ಯಾರೂ ಕಂಡಿಲ್ಲ ಅಂತಾದರೆ ಸಾಹೇಬರ ಉತ್ತರಕ್ಕೂ ಅನುಕೂಲ. ಇದು ನಮ್ಮ ಕಡೆ ಬಿಲ್ಲಿಗೆ ಹಾಕುವ ಅಲಂಕಾರ, ಬಡ್ಡಿ ಅಲ್ಲ ಅಂತ ಬರೆಯಬಹುದು. ಕೆಲಸದ ಮೇಲೆ ಹೋದಲ್ಲೆಲ್ಲ ಕೇಳತೊಡಗಿದೆ. ಬಡ್ಡಿ ಅಂದ ಕೂಡಲೇ ಎಲ್ಲರೂ ನಗುತ್ತಿದ್ದರು. ಕೆಲವರು ಅಸಲು ಅಂದರೂ ನಗುತ್ತಿದ್ದರು.

ಹೊಳವನಹಳ್ಳಿಯಲ್ಲಿ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ನಡೆಸುವ ಅಕ್ಕ ಒಬ್ಬರಿದ್ದಾರೆ. ಅವರೊಬ್ಬರೇ ನಗಲಿಲ್ಲ.

"ಬಡ್ಡಿ ತಗಳ್ದೆ ಬಿಡ್ತೀನಾ? ತಡ ಮಾಡ್ದೋರು ಕೊಟ್ಟೇ ಕೊಡ್ತಾರೆ," ಅಂದರು.

ನಾನು ಪೆನ್ನು ತೆಗೆದೆ. "ಹೆಂಗೆ ಕೊಡ್ತಾರೆ ಅಕ್ಕ? ಫೋನಿನಲ್ಲಾ, ಕೈಗಾ?"

"ಕುಕ್ಕೇಲಿ."

ಅಂಗಡಿಯ ಒಳಗೆ ಕೈ ತೋರಿಸಿದರು. ಗೊಬ್ಬರದ ಚೀಲಗಳ ಪಕ್ಕ ಒಂದು ಕುಕ್ಕೆ ತುಂಬ ಅವರೆಕಾಯಿ. ಗೊಬ್ಬರ ಒಯ್ದು ಎರಡು ಬೆಳೆ ಕಳೆದರೂ ದುಡ್ಡು ಕೊಡದವನೊಬ್ಬ ಅವತ್ತು ಬೆಳಿಗ್ಗೆ ಅದನ್ನು ಇಟ್ಟು, "ಅಕ್ಕಾ, ಇನ್ನೊಸಿ ದಿನ ತಡ್ಕ" ಅಂತ ಹೇಳಿ ಹೋಗಿದ್ದನಂತೆ.

ನನಗೆ ಒಳ್ಳೆಯ ಪ್ರಶ್ನೆ ಸಿಕ್ಕಿತು. ತಡವಾದದ್ದಕ್ಕೆ ಕೊಟ್ಟದ್ದು ಬಡ್ಡಿ. ಅದು ದುಡ್ಡಿನ ರೂಪದಲ್ಲೇ ಇರಬೇಕು ಅಂತ ಇಲ್ಲ. ಗೊಬ್ಬರಕ್ಕೆ ಶೇಕಡಾ ಐದು ತೆರಿಗೆ. ಹಾಗಾದರೆ ಈ ಕುಕ್ಕೆಗೂ ಶೇಕಡಾ ಐದು. ಇದನ್ನು ಅಕ್ಕನಿಗೆ ವಿವರಿಸಿದೆ. ಬಿತ್ತನೆ ಬೀಜಕ್ಕೆ ಮಾತ್ರ ತೆರಿಗೆ ಇಲ್ಲ, ಆದ್ದರಿಂದ ಬೀಜದ ಬಾಕಿಗೆ ಬರುವ ಬಡ್ಡಿಗೂ ಇಲ್ಲ ಅಂತಲೂ ಹೇಳಿದೆ. ಅದನ್ನು ಹೇಳಬಾರದಿತ್ತು.

"ಅಂಗಾದ್ರೆ ಇದು ಬೀಜದ ಬಾಬ್ತಿಂದು ಅಂತ ಬರ್ಕಳಿ," ಅಂದರು ಅಕ್ಕ ತಟ್ಟನೆ.

"ಗೊಬ್ಬರದ್ದು ಅಂತ ಈಗ ತಾನೇ ಹೇಳಿದ್ರಲ್ಲ?"

"ಅವ್ನು ಎಲ್ಡೂ ತಗಂಡವ್ನೆ ಕಣಪ್ಪ. ಕಾಯಿ ಮ್ಯಾಲೆ ಏನ್ ಬರ್ದದಾ, ಇದು ಯಾವುದ್ರದು ಅಂತ?"

ನಾನು ಪೆನ್ನಿನ ಮುಚ್ಚಳ ಹಾಕಿದೆ. ನನ್ನ ಮುಖ ನೋಡಿ ಅಕ್ಕನಿಗೆ ಏನನ್ನಿಸಿತೋ, ಎದ್ದು ಎರಡು ಬೊಗಸೆ ಅವರೆಕಾಯಿ ತೆಗೆದು ನನ್ನ ಚೀಲಕ್ಕೆ ಸುರಿದರು. "ತಗಳಿ, ಸರ್ಕಾರದ ಪಾಲು. ಸುಮ್ಕೆ ತಕರಾರು ಯಾಕೆ? ನೀವೇ ಕಟ್ಬುಡಿ."

ಸರ್ಕಾರದ ಪಾಲು ಮಾರನೆಯ ದಿನ ನಮ್ಮ ಮನೆಯಲ್ಲಿ ಹುಳಿಗೆ ಬಿತ್ತು. ಸೊಗಡು ಚೆನ್ನಾಗಿತ್ತು.

ಬಡ್ಡಿಯ ಮೇಲೊಂದು ಬಡ್ಡಿ

ಪಾವಗಡದ ಕಡೆ ಬಲಸಮುದ್ರದಲ್ಲಿ ನನ್ನ ಕಕ್ಷಿಗಾರನೊಬ್ಬನಿದ್ದಾನೆ. ಆಂಧ್ರದ ಗಡಿ, ಮಾತಿನಲ್ಲಿ ಅರ್ಧ ತೆಲುಗು. ಸೋಲಾರ್ ಫಲಕಗಳನ್ನು ತೊಳೆಯಲು ಟ್ಯಾಂಕರ್ ಬಾಡಿಗೆಗೆ ಬಿಡುತ್ತಾನೆ. ಫಲಕ ತೊಳೆಸುವ ಕಂಟ್ರಾಕ್ಟರ್ ಬಿಸಿಲಿನಷ್ಟು ಧಾರಾಳವಾಗಿ ಕೆಲಸ ಕೊಡುತ್ತಾನೆ, ಮಳೆಯಷ್ಟು ಧಾರಾಳವಾಗಿ ದುಡ್ಡು ಕೊಡುತ್ತಾನೆ. ಅಲ್ಲಿಯ ಮಳೆ ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ.

ಈತ ಧೈರ್ಯವಂತ. ನಾನು ಕಂಡ ಹಾಗೆ ಬಡ್ಡಿಯನ್ನು ನಿಜವಾಗಿ ಲೆಕ್ಕ ಹಾಕಿ, ಅದಕ್ಕೇ ಬೇರೆ ಬಿಲ್ಲು ಬರೆದು ಕಳಿಸಿದವನು ಇವನೊಬ್ಬನೇ. ನನ್ನನ್ನು ಕೇಳದೆ ಯಾರ ಕೈಲೋ ರಿಟರ್ನಿನಲ್ಲೂ ಹಾಕಿಸಿದ್ದ. ನಾನು ಫೋನ್ ಮಾಡಿದೆ.

"ಬಡ್ಡಿ ಬಂತೇನಪ್ಪಾ?"

"ಎಕ್ಕಡ ಸಾರ್! ಬಡ್ಡಿ ಲೇದು, ಬಾಡಿಗೇನೂ ಇಲ್ಲ."

"ಮತ್ತೆ ಬಡ್ಡಿ ಮೇಲೆ ತೆರಿಗೆ ಕಟ್ಟಿದೀಯಲ್ಲ?"

"ಕಟ್ಟಬೇಕು ಅಂತ ನೀವೇ ಚೆಪ್ಪಿದ್ರಲ್ಲ ಸಾರ್!"

ನಾನು ಹೇಳಿದ್ದೇನೋ ನಿಜ. ಅವನು ಕೇಳಿಸಿಕೊಂಡದ್ದು ಮೊದಲರ್ಧ. ಉಳಿದರ್ಧವನ್ನು ಮತ್ತೆ ಹೇಳಿದೆ. ಬಡ್ಡಿ ಕೈಗೆ ಬಂದ ಮೇಲೆ ಕಟ್ಟಬೇಕು, ಬರುವ ಮುಂಚೆ ಅಲ್ಲ. ಇನ್ನೊಂದು ಸಂಗತಿ ಹೇಳಬೇಕೋ ಬೇಡವೋ ಅಂತ ಯೋಚಿಸಿ ಕೊನೆಗೆ ಹೇಳಿಯೇ ಬಿಟ್ಟೆ. ಇವನು ಬಡ್ಡಿಯ ಬಿಲ್ಲಿಗೆ ಕಟ್ಟಿದ ತೆರಿಗೆಯನ್ನು ಆ ಕಂಟ್ರಾಕ್ಟರ್ ತನ್ನ ಲೆಕ್ಕದಲ್ಲಿ ಜಮಾ ತೋರಿಸಿ, ತಾನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಡಿಮೆ ಮಾಡಿಕೊಂಡಿದ್ದ. ಬಿಲ್ಲಿನ ದುಡ್ಡು ಕೊಡದೆ ಹೋದರೆ ಮುಂದೆ ವಾಪಸು ಕಟ್ಟಬೇಕಾಗುತ್ತದೆ, ಆದರೆ ಸದ್ಯಕ್ಕೆ ಲಾಭ ಅವನದೇ.

"ನಿಲ್ಲಿ ಸಾರ್, ನಿಲ್ಲಿ," ಅಂದ. "ಆಯಪ್ಪ ನಂಗೆ ಬಾಡಿಗೆ ಕೊಡ್ಲಿಲ್ಲ."

"ಇಲ್ಲ."

"ಬಡ್ಡಿನೂ ಕೊಡ್ಲಿಲ್ಲ."

"ಇಲ್ಲ."

"ಕೊಡ್ದೇ ಇರೋ ಬಡ್ಡಿಗೆ ನಾನು ಟ್ಯಾಕ್ಸು ಕಟ್ಟಿ, ಅದು ಆಯಪ್ಪನಿಗೆ ಲಾಭ ಆಯ್ತು."

"ಸರಿಯಾಗಿ ಅರ್ಥ ಮಾಡ್ಕೊಂಡಿದೀಯ."

ಉದ್ದನೆಯ ಉಸಿರು ಕೇಳಿಸಿತು. ಅತ್ತೇ ಬಿಟ್ಟನೇನೋ ಅಂದುಕೊಂಡೆ. ಇಲ್ಲ, ಅವನು ಲೆಕ್ಕ ಹಾಕುತ್ತಿದ್ದ.

"ಸಾರ್, ದಾನಿಕಿ ಕೂಡಾ ವಡ್ಡಿ ವೇದ್ದಾಮಾ? ಅದಕ್ಕೂ ಒಂದು ಬಡ್ಡಿ ಬಿಲ್ ಹಾಕ್ಲಾ?"

ಗಿರಾಕಿಗಳ ಸಾಕ್ಷಿ

ಜಿಲ್ಲಾ ಕೇಂದ್ರದ ತೆರಿಗೆ ಕಚೇರಿಯಲ್ಲಿ ವಿಚಾರಣೆಯ ದಿನ ಬಂತು. ಅಷ್ಟರಲ್ಲಿ ಸಾಹೇಬರು ಸೊರಗಿದ್ದರು. ಮಸೀದಿಯ ಚಂದಾ ಲೆಕ್ಕವನ್ನು, ಈ ವಿಷಯ ಇತ್ಯರ್ಥ ಆಗುವವರೆಗೆ ಬೇರೆಯವರು ನೋಡಿಕೊಳ್ಳಲಿ ಅಂತ ತಾವಾಗಿಯೇ ಬಿಟ್ಟುಕೊಟ್ಟಿದ್ದರು. ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಬಿಟ್ಟರೆ ಮರ್ಯಾದೆ ಅಂತ ಅವರ ವಾದ. "ನಂಗೆ ಆ ಆಫೀಸರ್ ಮೇಡಮ್ಮು ಒಂದೇ ಒಂದು ಮಾತು ಬರ್ದು ಕೊಟ್ರೆ ಸಾಕು ಸಾರ್, ಇವ್ನು ಬಡ್ಡಿ ತಿಂದಿಲ್ಲ ಅಂತ," ಅಂದರು.

ಅಧಿಕಾರಿ ಒಬ್ಬ ಹೆಂಗಸು. ಚುರುಕು, ಮಾತು ಕಡಿಮೆ. ನಾನು ಸಾಹೇಬರ ಲೆಕ್ಕವನ್ನೂ ಮಧುಗಿರಿ ದರ್ಶಿನಿಯ ಬಿಲ್ಲನ್ನೂ ಮುಂದಿಟ್ಟು, ಇದು ಪ್ರೆಸ್ಸಿನವರ ಅಲಂಕಾರ, ಲೆಕ್ಕದಲ್ಲಿ ಬಡ್ಡಿ ಎಲ್ಲೂ ಇಲ್ಲ, ಕೈಗೆ ಬರದ ಬಡ್ಡಿಗೆ ತೆರಿಗೆಯೂ ಇಲ್ಲ ಅಂತ ವಾದಿಸಿದೆ. ಇಡ್ಲಿಗೆ ಇಪ್ಪತ್ತನಾಲ್ಕು ಪರ್ಸೆಂಟ್ ನೋಡಿ ಅವರ ತುಟಿ ಸ್ವಲ್ಪ ಅಲ್ಲಾಡಿತು.

"ಕಾನೂನು ಸರಿ," ಅಂದರು. "ಆದ್ರೆ ನಗದಾಗಿ ತಗೊಂಡಿದ್ರೂ ಲೆಕ್ಕದಲ್ಲಿ ಇರಲ್ಲ ಅಲ್ವಾ? ಗಿರಾಕಿಗಳಿಂದ ಏನಾದ್ರೂ ತಂದಿದೀರಾ?"

ಪತ್ರ ಬರೆಸಿಕೊಂಡು ಬನ್ನಿ ಅಂತ ನಾನು ಸಾಹೇಬರಿಗೆ ಮೊದಲೇ ಹೇಳಿದ್ದೆ. ಅವರ ಕಡೆ ನೋಡಿದೆ.

"ತಂದಿದೀನಿ ಮೇಡಂ," ಅಂದರು ಸಾಹೇಬರು. "ಹೊರಗೆ ನಿಂತವ್ರೆ."

ಕಿಟಕಿಯಿಂದ ನೋಡಿದೆ. ಕಚೇರಿಯ ಮುಂದೆ ಟೆಂಪೊ ನಿಂತಿತ್ತು. ಅದರ ಸುತ್ತ ಸಿರಾ ಸೀಮೆಯ ಬಾಕಿದಾರರೆಲ್ಲ ನಿಂತಿದ್ದರು. ಎಷ್ಟೋ ಕಾಲದಿಂದ ಸಾಹೇಬರ ಅಂಗಡಿಯ ಬೀದಿಯನ್ನೇ ತಪ್ಪಿಸಿ ಓಡಾಡುತ್ತಿದ್ದ ಮುಖಗಳು. ನನಗೇ ಗುರುತು ಸಿಗುವಷ್ಟು ಹಳೆಯ ಬಾಕಿಗಳು. ಸಾಹೇಬರು ಒಬ್ಬೊಬ್ಬರ ಮನೆಗೂ ಹೋಗಿ, "ನಾನು ನಿಮ್ಮಿಂದ ಬಡ್ಡಿ ತಗೊಂಡೆ ಅಂತ ಸರ್ಕಾರದವ್ರು ಬರ್ದವ್ರೆ" ಅಂದರಂತೆ. ಬಾಕಿ ಕೇಳಲು ಬಂದರೆಂದು ಹಿತ್ತಲಿಗೆ ಹೋಗಿದ್ದವರು ಇದನ್ನು ಕೇಳಿ ಕೋಪದಿಂದ ಮುಂಬಾಗಿಲಿಗೆ ಬಂದರಂತೆ. ಇಂಥ ಮನುಷ್ಯನ ಮೇಲೆ ಇಂಥ ಮಾತೇ?

ಎಲ್ಲರೂ ಒಳಗೆ ಬಂದರು. ಮುಂದಿದ್ದವನು ದಪ್ಪ ಮೀಸೆಯ ರೈತ.

"ಇವರಿಗೆ ನೀವು ಬಡ್ಡಿ ಕೊಟ್ಟಿದೀರಾ?" ಅಂತ ಕೇಳಿದರು ಅಧಿಕಾರಿ.

"ಬಡ್ಡಿಯಾ?" ಅಂದ ಮೀಸೆಯವನು ಎದೆ ಸೆಟೆಸಿ. "ಮೇಡಮ್ಮಾರೆ, ದೇವ್ರಾಣೆಗೂ ಹೇಳ್ತೀನಿ, ನಾವು ಅಸಲೇ ಕೊಟ್ಟಿಲ್ಲ!"

"ಎಷ್ಟು ದಿನದಿಂದ?"

"ದಿನ ಎಲ್ಲಿ ಬಂತು? ಆ ಪೈಪು ಮಣ್ಣಾಗೇ ಒಡ್ದೋಗಿ ಬೇರೆ ಹಾಕ್ಸೀವಿ. ಅದಕ್ಕೂ ಕೊಟ್ಟಿಲ್ಲ."

ಹಿಂದಿನವನಿಗೆ ತಡೆಯಲಾಗಲಿಲ್ಲ. "ಲೇ, ನಿಂದೇನ್ ದೊಡ್ದು? ನಮ್ಮಪ್ಪ ತಗಂಡ ಮೋಟ್ರಿಗೆ ನಮ್ಮಪ್ಪನೂ ಕೊಡ್ಲಿಲ್ಲ, ನಾನೂ ಕೊಟ್ಟಿಲ್ಲ. ಸಾಹೇಬ್ರು ಒಂದ್ ದಪನೂ ಜೋರಾಗಿ ಕೇಳಿದ್ದಿಲ್ಲ ಮೇಡಮ್ಮ. ಇವ್ರು ಬಡ್ಡಿ ತಿಂತಾರಾ?"

ಆಮೇಲೆ ಪೈಪೋಟಿ ಶುರುವಾಯಿತು. ಸಾಹೇಬರ ಮರ್ಯಾದೆ ಕಾಪಾಡಲು ಒಬ್ಬರಿಗಿಂತ ಒಬ್ಬರು ದೊಡ್ಡ ಬಾಕಿ ಹೇಳತೊಡಗಿದರು. ಮೂಲೆಯಲ್ಲಿದ್ದ ತೆಳ್ಳನೆಯವನೊಬ್ಬ ಕೈ ಎತ್ತಿದ. "ನಮ್ಮಣ್ಣನ ಹೆಸ್ರೇಳಿ ಒಂದು ಮುಳ್ಳುತಂತಿ ಸುರುಳಿ ತಂದಿದ್ದೆ. ಅದು ನಮ್ಮಣ್ಣಂಗೇ ಗೊತ್ತಿಲ್ಲ. ಅದಕ್ಕೂ ಬಡ್ಡಿ ಇಲ್ಲ!"

ಅಲ್ಲಿಯವರೆಗೆ ಕಣ್ಣು ತುಂಬಿಕೊಂಡು ತಲೆಯಾಡಿಸುತ್ತಿದ್ದ ಸಾಹೇಬರು ಥಟ್ಟನೆ ಅವನ ಕಡೆ ತಿರುಗಿದರು. "ಅದು ನೀನಾ? ನಿಮ್ಮಣ್ಣನ್ನ ನಾನು ಎಷ್ಟು ಕೇಳಿದೀನೋ ಮಾರಾಯ!"

"ಈಗ ಅದು ಬುಡಿ ಸಾಹೇಬ್ರೆ, ನಿಮ್ ಕೇಸು ಮುಖ್ಯ," ಅಂದ ಅವನು.

ಗುಮಾಸ್ತ ಎಲ್ಲರ ಹೇಳಿಕೆಯನ್ನೂ ಬರೆದುಕೊಂಡ. ಇಂಥ ಮಾಲು ಒಯ್ದಿದ್ದೇನೆ, ಇಷ್ಟು ಬಾಕಿ ಇದೆ, ಇದುವರೆಗೆ ಅಸಲಾಗಲಿ ಬಡ್ಡಿಯಾಗಲಿ ಕೊಟ್ಟಿಲ್ಲ. ಎಲ್ಲರೂ ಸರದಿಯಲ್ಲಿ ನಿಂತು ಗಂಭೀರವಾಗಿ ಸಹಿ ಹಾಕಿದರು. ಅಧಿಕಾರಿ ಹೇಳಿಕೆಗಳನ್ನು ನಿಧಾನವಾಗಿ ಓದಿ ಮುಗಿಸಿ, ಬಡ್ಡಿ ಪಡೆದಿಲ್ಲವೆಂದು ಕಂಡುಬಂದಿದೆ, ನೋಟೀಸು ಕೈಬಿಡಲಾಗಿದೆ ಅಂತ ಆದೇಶ ಬರೆಸಿದರು. ಸಾಹೇಬರಿಗೆ ಬೇಕಿದ್ದ ಮಾತು ಸಿಕ್ಕಿತು. ಅಧಿಕಾರಿ ನನ್ನನ್ನು ಒಂದು ಕ್ಷಣ ನಿಲ್ಲಿಸಿಕೊಂಡು, "ಈ ಹೇಳಿಕೆಗಳ ನಕಲಿಗೂ ಒಂದು ಅರ್ಜಿ ಕೊಡಿಸಿ. ಅವರಿಗೆ ಆದೇಶಕ್ಕಿಂತ ಅದೇ ಉಪಯೋಗ ಆಗಬಹುದು," ಅಂದರು. ಮುಖದಲ್ಲಿ ನಗು ಇರಲಿಲ್ಲ.

ಹೊರಗೆ ಟೆಂಪೊ ಹತ್ತಿರ ಸಂಭ್ರಮ. ಸಾಹೇಬರು ಎಲ್ಲರ ಕೈ ಹಿಡಿದು ಕುಲುಕಿದರು. ಟೆಂಪೊ ಬಾಡಿಗೆ ಅವರದೇ. ಬಿರಿಯಾನಿಯೂ ಅವರದೇ ಅಂತ ಬಾಕಿದಾರರು ತೀರ್ಮಾನಿಸಿದ್ದರು. ಅಷ್ಟು ದೂರದಿಂದ ಬಂದು ಮರ್ಯಾದೆ ಉಳಿಸಿದ್ದಾರಲ್ಲ.

ಮೀಸೆಯವನು ನನ್ನ ಪಕ್ಕ ಬಂದು ನಿಂತ. "ಅಲ್ಲಾ ಸಾರ್, ಒಳಗೆ ಸಹಿ ಹಾಕುಸ್ಕಂಡ್ರಲ್ಲ, ಅದ್ರಾಗೆ ಏನಿತ್ತು?"

"ನೀವು ಹೇಳಿದ್ದೇ. ಸಾಹೇಬ್ರಿಗೆ ಅಸಲು ಕೊಡಬೇಕು, ಇನ್ನೂ ಕೊಟ್ಟಿಲ್ಲ ಅಂತ. ಇನ್ನು ಮುಂದೆ ಕೋರ್ಟಿನಲ್ಲೂ ಇಲ್ಲ ಅನ್ನೋ ಹಾಗಿಲ್ಲ."

ಮಾತು ಟೆಂಪೊ ಸುತ್ತ ಒಂದು ಸುತ್ತು ಹೋಗಿ ಬಂತು. ನಗು ನಿಂತಿತು. ಎಲ್ಲರೂ ಸಾಹೇಬರ ಕಡೆ ನೋಡಿದರು. ಸಾಹೇಬರು ಆದೇಶದ ಕಾಗದವನ್ನು ಮಡಚಿ ಎದೆಯ ಜೇಬಿಗೆ ಇಟ್ಟುಕೊಂಡು, ನಾನು ಇಷ್ಟು ವರ್ಷದಲ್ಲಿ ಕೇಳದ ದೊಡ್ಡ ದನಿಯಲ್ಲಿ, "ಬಿರಿಯಾನಿ ತಿಂತಾ ಮಾತಾಡೋಣ, ಬನ್ನಿ," ಅಂದರು.

ಮೀಸೆಯವನು ಕಚೇರಿಯ ಬಾಗಿಲ ಕಡೆ ನೋಡಿದ. ಆಮೇಲೆ ನನ್ನ ತೋಳು ಹಿಡಿದು ಬದಿಗೆ ಕರೆದ.

"ಸಾರ್, ಮೇಡಮ್ಮಾರು ಇನ್ನೂ ಊಟಕ್ಕೆ ಎದ್ದಿಲ್ಲ. ಬಿರ್ರನೆ ಹೋಗಿ ಬದ್ಲಾಯ್ಸನ ನಡೀರಿ. ನಾವು ಅಸಲೂ ಕೊಟ್ಟೀವಿ, ಅದ್ರ ಮ್ಯಾಲೆ ಬಡ್ಡಿನೂ ಕೊಟ್ಟೀವಿ. ಆ ಬಡ್ಡಿಗೆ ಏನ್ ಟ್ಯಾಕ್ಸು ಬರ್ತದೋ, ಅದ್ನ ಬೇಕಾದ್ರೆ ನಾವೇ ಚಂದಾ ಎತ್ತಿ ಕಟ್ತೀವಿ!"